ಹಳೇ ಮನೆ ರಿಪೇರಿ: ಕೈಯಲ್ಲಿರುವ 100 ಪಾಲನ್ನು ಹೇಗೆ ಹಂಚಲಿ?

ತೊಟ್ಟಿಕ್ಕುವ ಸೂರು:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ನಾನೇ ಕೇಳಬೇಕಾಗಿದೆ.

ನಮ್ಮದು ಅಜ್ಜ ಕಟ್ಟಿಸಿದ ಮನೆ, 60 ವರ್ಷ ದಾಟಿದೆ. ಮುಂದಿನ ಭಾಗಕ್ಕೆ ಹೆಂಚು, ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ. ಹಿಂದಿನ ಅಡುಗೆಮನೆ ಮತ್ತು ಬಚ್ಚಲು ಅಪ್ಪ ಆಮೇಲೆ ಸೇರಿಸಿದ್ದು, ಅದಕ್ಕೆ ಆರ್‌ಸಿಸಿ ಸ್ಲ್ಯಾಬ್, ಅಂದರೆ ಒಳಗೆ ಕಬ್ಬಿಣ ಹಾಕಿದ ಕಾಂಕ್ರೀಟ್. ಹೆಂಚೂ ಸ್ಲ್ಯಾಬೂ ಸೇರುವ ಜಾಗದಲ್ಲಿ ಮಳೆ ಬಂದರೆ ಬಕೆಟ್ ಇಡುತ್ತೇವೆ. ಗೋಡೆಗಳಲ್ಲಿ ಸೊಂಟದೆತ್ತರದವರೆಗೆ ತೇವ. ಬಣ್ಣ ಹೊಡೆದ ಆರೇ ತಿಂಗಳಿಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ವೈರಿಂಗ್ ಅಜ್ಜನ ಕಾಲದ್ದೇ.

ದುಡ್ಡು ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ, 100 ಪಾಲು ಅಂತ ಇಟ್ಟುಕೊಳ್ಳಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲ. ನಾನು ಹಾಕಿಕೊಂಡ ಲೆಕ್ಕ ಇದು: ಅಡುಗೆಮನೆ 30, ನೆಲಕ್ಕೆ ಟೈಲ್ಸ್ 20, ಬಚ್ಚಲು ಎರಡು ಸೇರಿ 20, ಫಾಲ್ಸ್ ಸೀಲಿಂಗ್ ಮತ್ತು ಬಣ್ಣ 15, ವೈರಿಂಗ್ 6, ಸೂರು 5, ಇತರೆ 4.

ಮೂವರು ಕಂಟ್ರಾಕ್ಟರುಗಳ ಹತ್ತಿರ ಕೊಟೇಶನ್ ತಗೊಂಡೆ. ಜಾಸ್ತಿ ಹೇಳಿದವರ ಅರ್ಧಕ್ಕೇ ಇನ್ನೊಬ್ಬರು ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಯಾರನ್ನು ನಂಬಲಿ? ನನ್ನ ಲೆಕ್ಕ ಸರಿ ಇದೆಯಾ?

ಗಾರೆ ಕೈ:

ಸರ್, ನಾನು ಇದೇ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಒಂದೇ ಪ್ರಶ್ನೆ. ಆ ಮೂವರಲ್ಲಿ ಸೂರಿನ ಮೇಲೆ ಹತ್ತಿದವರು ಎಷ್ಟು ಜನ?

ತೊಟ್ಟಿಕ್ಕುವ ಸೂರು:

ಒಬ್ಬರು ಹತ್ತಿದರು. ಅವರೇ ಜಾಸ್ತಿ ಹೇಳಿದವರು. ಉಳಿದ ಇಬ್ಬರು ಕೆಳಗೆ ನಿಂತು ನೋಡಿ, ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರು.

ಗಾರೆ ಕೈ:

ಅಲ್ಲೇ ಉತ್ತರ ಸಿಕ್ಕಿತಲ್ಲ. ಕಮ್ಮಿ ಹೇಳಿದವರು ಮೋಸಗಾರರು ಅನ್ನುತ್ತಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಮಾತ್ರ ರೇಟು ಹಾಕಿದ್ದಾರೆ, ಅಷ್ಟೆ. ಕಾಣದ್ದೆಲ್ಲ ಕೆಲಸ ಶುರುವಾದ ಮೇಲೆ ಒಂದೊಂದೇ "ಎಕ್ಸ್‌ಟ್ರಾ" ಆಗಿ ಬರುತ್ತದೆ. ಆಗ ನಿಮ್ಮ ಮನೆ ಅರ್ಧ ಬಿಚ್ಚಿರುತ್ತದೆ, ಬೇಡ ಅನ್ನುವ ಹಾಗೂ ಇರುವುದಿಲ್ಲ.

ಮೂರೂ ಕೊಟೇಶನ್ ಪಕ್ಕಪಕ್ಕ ಇಟ್ಟು ಇವು ಇವೆಯಾ ನೋಡಿ. ಒಡೆದ ಮಣ್ಣು, ಇಟ್ಟಿಗೆ ಚೂರು ಸಾಗಿಸುವ ಖರ್ಚು. ಸಾರುವೆ ಕಟ್ಟುವುದು. ಪೈಪ್, ವೈರ್‌ಗೆ ಗೋಡೆ ಕೊರೆದ ಮೇಲೆ ಮುಚ್ಚುವುದು. ಹಳೇ ಗಾರೆ ಕೆತ್ತಿ ತೆಗೆಯುವುದು. ಕೆಲಸದ ನೀರು, ಕರೆಂಟು ಯಾರದು? ಹಳೇ ಮನೆಯಲ್ಲಿ ದುಡ್ಡು ಸೋರುವುದು ಈ ಐದು ಕಡೆಯಿಂದಲೇ. ಬಹುತೇಕ ಕಮ್ಮಿ ಕೊಟೇಶನ್‌ಗಳಲ್ಲಿ ಇವುಗಳ ಹೆಸರೇ ಇರುವುದಿಲ್ಲ.

ಇನ್ನೊಂದು ಮಾತು. ಹಳೇ ತೊಲೆ, ಬಾಗಿಲು, ಹೆಂಚು, ಇಟ್ಟಿಗೆ ಯಾರ ಪಾಲು ಅಂತ ಬರೆಸಿಕೊಳ್ಳಿ. 60 ವರ್ಷದ ಮನೆಯ ಮರಕ್ಕೆ ಬೆಲೆ ಇರುತ್ತದೆ. "ಕಸ ನಾವೇ ತಗೊಂಡು ಹೋಗುತ್ತೇವೆ, ಚಿಂತೆ ಬಿಡಿ" ಅಂದವರು ಕೆಲವೊಮ್ಮೆ ಅದೇ ಕಸದ ಜೊತೆ ನಿಮ್ಮ ಬಾಗಿಲೂ ಹೊತ್ತೊಯ್ಯುತ್ತಾರೆ.

ಒಡೆದುಕಟ್ಟು:

ಇಷ್ಟೆಲ್ಲ ತಲೆನೋವು ಯಾಕೆ? ಕೆಡವಿ ಹೊಸದು ಕಟ್ಟಿ. ಹಳೇ ಮನೆ ರಿಪೇರಿ ಅಂದರೆ ಹುತ್ತಕ್ಕೆ ಕೈ ಹಾಕಿದ ಹಾಗೆ. ನಮ್ಮ ಅಣ್ಣ ಎರಡು ವರ್ಷ ರಿಪೇರಿ ಮಾಡಿಸಿದ. ಆ ದುಡ್ಡಿಗೆ ಮುಕ್ಕಾಲು ಹೊಸ ಮನೆ ಬರುತ್ತಿತ್ತು.

ಲೆಕ್ಕದ ಅಕ್ಕ:

ಕೆಡವುವುದು ಬಾಯಲ್ಲಿ ಹೇಳಿದಷ್ಟು ಅಗ್ಗ ಅಲ್ಲ, ಒಡೆದುಕಟ್ಟು ಅವರೇ. ಬರೀ ಒಂದು ಗೋಡೆಯ ಲೆಕ್ಕ ಮಾಡಿ ನೋಡೋಣ. 10 ಅಡಿ ಉದ್ದ, 10 ಅಡಿ ಎತ್ತರ, 9 ಇಂಚು ದಪ್ಪ. 75 ಘನ ಅಡಿ ಆಯಿತು. ಇಟ್ಟಿಗೆ ಗೋಡೆಯ ತೂಕ ಹಿಡಿದರೆ ಹತ್ತಿರಹತ್ತಿರ 4 ಟನ್! ಒಡೆದ ಮೇಲೆ ಅದು ಉಬ್ಬಿ ಇನ್ನಷ್ಟು ಜಾಗ ತಿನ್ನುತ್ತದೆ. ನಾನು ಒಂದೇ ಒಂದು ಗೋಡೆ ತೆಗೆಸಿದಾಗ "ಒಂದು ಟ್ರಾಕ್ಟರ್ ಸಾಕು" ಅಂದುಕೊಂಡಿದ್ದೆ. ಎರಡು ಲೋಡ್ ಹೋದ ಮೇಲೂ ಅಂಗಳದಲ್ಲಿ ಗುಡ್ಡೆ ಹಾಗೇ ಇತ್ತು. ಇಡೀ ಮನೆ ಅಂದರೆ ನೀವೇ ಗುಣಿಸಿಕೊಳ್ಳಿ.

ಹೊಸದಾಗಿ ಕಟ್ಟುವುದಾದರೆ ಈಗಿನ ನಿಯಮದ ಪ್ರಕಾರ ಸುತ್ತ ಜಾಗ ಬಿಡಬೇಕು. ಹಳೇ ಮನೆಗಳು ಎಷ್ಟೋ ಸಲ ಗಡಿಗೆ ಅಂಟಿಕೊಂಡೇ ಇರುತ್ತವೆ. ಕೆಡವಿದ ಮೇಲೆ ಅಷ್ಟೇ ದೊಡ್ಡ ಮನೆ ಕಟ್ಟಲು ಬಿಡುತ್ತಾರಾ ಅಂತ ಮೊದಲು ಕೇಳಿಕೊಳ್ಳಬೇಕು. ಪಾಯ ಕುಸಿದಿದ್ದರೆ, ಗೋಡೆಗಳು ವಾಲಿದ್ದರೆ ಕೆಡವುವುದೇ ಸರಿ. ಸೂರು ಸೋರುತ್ತದೆ ಅಂತ ಯಾರಾದರೂ ಮನೆ ಕೆಡವುತ್ತಾರಾ?

ಈಗ ಸೂರಿನವರ ಲೆಕ್ಕಕ್ಕೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪಟ್ಟಿ ತಲೆಕೆಳಗಾಗಿದೆ. ಕಣ್ಣಿಗೆ ಕಾಣುವುದಕ್ಕೆ 85 ಇಟ್ಟಿದ್ದೀರಿ. ಮನೆಯನ್ನು ಉಳಿಸುವ ಸೂರು ಮತ್ತು ವೈರಿಂಗ್ ಎರಡಕ್ಕೂ ಸೇರಿ 11. ಐದು ವರ್ಷದ ಹಿಂದೆ ನಾನೂ ಹೀಗೇ ಬರೆದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಆ ಪುಸ್ತಕ ಇನ್ನೂ ಇದೆ. ಮೊದಲ ಪುಟದಲ್ಲಿ "ಮಾಡ್ಯುಲರ್ ಕಿಚನ್" ಅಂತ ಕೆಂಪು ಇಂಕಿನಲ್ಲಿ ಬರೆದು ಅಡಿಗೆರೆ ಎಳೆದಿದ್ದೇನೆ. ಕೆಲಸ ಶುರುವಾದ ನಾಲ್ಕನೇ ದಿನದ ಪುಟದಲ್ಲಿ ಬರೀ ಒಂದು ಸಾಲಿದೆ: "ಬಚ್ಚಲ ಗೋಡೆ ಹಿಂದೆ ಗೆದ್ದಲು. ಚೌಕಟ್ಟು ಕೈಗೆ ಬಂತು." ಅಲ್ಲಿಂದ ಮುಂದಕ್ಕೆ ಇಡೀ ಪುಸ್ತಕ ಗೀಚಾಟ.

ನೀವು ಆ ತಪ್ಪು ಮಾಡಬೇಡಿ. ಕೆಲಸವನ್ನು ಎರಡಾಗಿ ಒಡೆಯಿರಿ. ಮೊದಲು ಬಿಚ್ಚಿ ನೋಡುವ ಕೆಲಸ. ಅದಕ್ಕೆ 2-3 ಪಾಲು ಎತ್ತಿಡಿ. ಎರಡು ಕಡೆ ಹೆಂಚು ತೆಗೆಸಿ, ತೇವದ ಗೋಡೆಯಲ್ಲಿ ಒಂದಡಿ ಗಾರೆ ಕೆತ್ತಿಸಿ, ಬಚ್ಚಲಿನ ಒಂದು ಟೈಲ್ ಎಬ್ಬಿಸಿ, ಒಂದು ಸ್ವಿಚ್‌ಬೋರ್ಡ್ ಬಿಚ್ಚಿಸಿ. ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೀಸು ಕೊಟ್ಟು ತೋರಿಸಿ. ಆಮೇಲೆ ಕೂತು ಬಜೆಟ್ ಬರೆಯಿರಿ. ಈಗ ನಿಮ್ಮ ಕೈಯಲ್ಲಿರುವುದು ಆಸೆಗಳ ಪಟ್ಟಿ.

ಕಂಬತೊಲೆ:

ಲೆಕ್ಕದ ಅಕ್ಕ ಹೇಳಿದ್ದು ಸರಿ. ನಾನು ಇಂಜಿನಿಯರ್, ಏನೇನು ನೋಡಬೇಕು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಿರುಕು. ಕೂದಲೆಳೆಯಂಥ ಬಿರುಕು ಎಲ್ಲ ಮನೆಯಲ್ಲೂ ಇರುತ್ತದೆ, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಮೇಲೆ ಹೋಗುತ್ತಾ ಅಗಲವಾಗುವ ಬಿರುಕು ಇದ್ದರೆ, ಅಥವಾ ಬಿರುಕಿನಲ್ಲಿ 5 ಮಿ.ಮೀ. ಕಡ್ಡಿ ತೂರುವ ಹಾಗಿದ್ದರೆ ತೋರಿಸಲೇಬೇಕು. ಅದು ಈಗಲೂ ಬೆಳೆಯುತ್ತಿದೆಯಾ ಅಂತ ತಿಳಿಯಲು ಹಳೇ ಉಪಾಯ ಒಂದಿದೆ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆ ಹಾಕಿ ಕೂರಿಸಿ, ತಾರೀಖು ಬರೆದಿಡಿ. ಕೆಲವು ತಿಂಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಓಡಾಡುತ್ತಿದೆ ಅಂತ ಅರ್ಥ. ಹಾಗಿದ್ದಾಗ ಬಿರುಕು ತುಂಬಿ ಬಣ್ಣ ಹೊಡೆಯುವುದು ದುಡ್ಡು ದಂಡ.

ಆರ್‌ಸಿಸಿ ಭಾಗ. ಸ್ಲ್ಯಾಬಿನ ಅಡಿಯಲ್ಲಿ ಚಿಕ್ಕ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಕೆಳಗೆ ತಳ್ಳುತ್ತದೆ. ಇನ್ನೊಂದು ಪರೀಕ್ಷೆ ಇದೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಕಾಂಕ್ರೀಟಿನ ಕ್ಷಾರ ಇನ್ನೂ ಇದೆ, ಅದು ಕಬ್ಬಿಣವನ್ನು ಕಾಯುತ್ತದೆ. ಬಣ್ಣ ಬರದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಷ್ಟು ಆಳದವರೆಗೂ ಹೋಗಿ ಕ್ಷಾರವನ್ನು ಕಳೆದಿದೆ. ಬಜೆಟ್ಟಿಗೆ ಇದರಿಂದ ಏನು ಲಾಭ ಅಂದರೆ, ನಾಲ್ಕು ಕಡೆ ತೇಪೆ ಹಾಕಿದರೆ ಸಾಕಾ, ಪೂರ್ತಿ ಸ್ಲ್ಯಾಬ್ ತೆಗೆಯಬೇಕಾ ಅಂತ ಗೊತ್ತಾಗುತ್ತದೆ. ಅವೆರಡರ ಖರ್ಚಿಗೂ ಅಜಗಜಾಂತರ.

ಸೊಂಟದೆತ್ತರದ ತೇವ. ಇದು ನೆಲದಿಂದ ಮೇಲೇರುವ ನೀರು ಅನ್ನಿಸುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ ನೀರನ್ನು ಹೀರುತ್ತದೆ. ಸಾಮಾನ್ಯವಾಗಿ ಮೂರಡಿ ಹತ್ತಿರ ಬಂದು ನಿಲ್ಲುತ್ತದೆ. ಕೆಮಿಕಲ್ ಇಂಜೆಕ್ಷನ್ (ತೇವ ಏರದಂತೆ ಗೋಡೆ ಕೊರೆದು ರಾಸಾಯನಿಕ ತುಂಬುವುದು) ಮಾಡುವವರನ್ನು ಕರೆಯುವ ಮೊದಲು ಮನೆ ಸುತ್ತ ಒಂದು ಸುತ್ತು ಹಾಕಿ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಇದೆಯಾ? ವರ್ಷ ಕಳೆದಂತೆ ರಸ್ತೆ ಏರುತ್ತದೆ, ಅಂಗಳಕ್ಕೆ ಮಣ್ಣು ತುಂಬಿಸುತ್ತಾರೆ, ಕಾಂಕ್ರೀಟ್ ಹಾಕುತ್ತಾರೆ. ಮನೆ ಇದ್ದಲ್ಲೇ ಇರುತ್ತದೆ. ಮಣ್ಣು ಕೆಳಗಿಳಿಸಿ, ನೀರು ಗೋಡೆಯಿಂದ ದೂರ ಹರಿಯುವ ಹಾಗೆ ಇಳಿಜಾರು ಕೊಟ್ಟರೆ ಅರ್ಧ ರೋಗ ಹೋಗುತ್ತದೆ. ಗುದ್ದಲಿ ಕೆಲಸ, ಖರ್ಚು ಕಮ್ಮಿ.

ಸುಣ್ಣದ ಗೋಡೆಗೆ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಮಾತ್ರ ಬೇಡ. ಸುಣ್ಣದ ಗೋಡೆ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಂಡು ಇನ್ನೂ ಮೇಲೇರುತ್ತದೆ. ಆ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ಅದು ಬಲ್ಲ ಕೈ ಕಮ್ಮಿ, ಕೂಲಿ ಜಾಸ್ತಿ, ಸಮಯವೂ ಜಾಸ್ತಿ. ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ತೊಟ್ಟಿಕ್ಕುವ ಸೂರು:

ಅಯ್ಯೋ! ನೀವು ಹೇಳಿದ ಮೇಲೆ ಹೊರಗೆ ಹೋಗಿ ನೋಡಿದೆ. ಅಂಗಳಕ್ಕೆ ಅಪ್ಪ ಎರಡು ಸಲ ಕಾಂಕ್ರೀಟ್ ಹಾಕಿಸಿದ್ದರು. ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲಿದೆ. ಇಷ್ಟು ವರ್ಷ ಬಣ್ಣದ ಕಂಪನಿಯನ್ನು ಬೈಯುತ್ತಿದ್ದೆವು.

ಸ್ವಿಚ್‌ಬೋರ್ಡ್:

ವೈರಿಂಗ್‌ಗೆ 6 ಪಾಲು ಅಂತ ನೋಡಿ ನಗು ಬಂತು, ಕ್ಷಮಿಸಿ. ಅಷ್ಟು ಹಳೇ ಮನೆಯಲ್ಲಿ ಅರ್ಧ ಬದಲಾಯಿಸಿ ಅರ್ಧ ಬಿಡುವ ಕೆಲಸ ಮಾಡಬೇಡಿ. ಹಿಂದಿನ ರಬ್ಬರ್ ಹೊದಿಕೆಯ ವೈರ್ ಮುಟ್ಟದಿದ್ದರೆ ಚೆನ್ನಾಗೇ ಇರುತ್ತದೆ. ಬಗ್ಗಿಸಿದ ಕೂಡಲೇ ರಬ್ಬರ್ ಪುಡಿಪುಡಿಯಾಗಿ ಉದುರುತ್ತದೆ. ಹೋದ ತಿಂಗಳು ಒಂದು ಮನೆಯಲ್ಲಿ ಬೋರ್ಡ್ ಬಿಚ್ಚಿದೆ. ಮೂರು ತೂತಿನ ಸಾಕೆಟ್, ನೋಡಲು ಹೊಸದು. ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇಲ್ಲ! ಅಂದರೆ ಅರ್ಥಿಂಗ್ ಅನ್ನುವುದು ಬರೀ ಮುಖಕ್ಕೆ. ಆ ಮನೆಯಲ್ಲಿ ಅದಕ್ಕೇ ಗೀಸರ್ ಸಿಕ್ಕಿಸಿದ್ದರು.

ಲೆಕ್ಕಕ್ಕೆ ಸುಲಭ ದಾರಿ: ಪಾಯಿಂಟ್ ಎಣಿಸಿ. ಪ್ರತಿ ಕೋಣೆಯ ಚಿತ್ರ ಬರೆದು ಎಲ್ಲಿ ಮಂಚ, ಎಲ್ಲಿ ಟಿವಿ, ಎಲ್ಲಿ ಮಿಕ್ಸಿ ಅಂತ ಗುರುತು ಹಾಕಿ. ಮನೆಯವರೆಲ್ಲ ಕೂತು ಒಂದೇ ಸಂಜೆಯಲ್ಲಿ ಮಾಡಬಹುದು. ಗಾರೆ ಆದ ಮೇಲೆ "ಇಲ್ಲೊಂದು ಪಾಯಿಂಟ್ ಬೇಕಿತ್ತು" ಅಂದರೆ ಕೊರೆಯುವ ಕೂಲಿ, ಮುಚ್ಚುವ ಕೂಲಿ, ಬಣ್ಣ, ಮೂರೂ ಎರಡನೇ ಸಲ. ಸಾಮಾನ್ಯವಾಗಿ ಲೈಟಿಗೆ 1.5 ಚದರ ಮಿ.ಮೀ. ವೈರ್, ಪ್ಲಗ್ಗಿಗೆ 2.5, ಗೀಸರ್, ಎಸಿಯಂಥದ್ದಕ್ಕೆ 4, ಅದೂ ಬೇರೆ ಲೈನ್. ವೈರಿನ ದಪ್ಪವನ್ನು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ. ಕಮ್ಮಿ ರೇಟಿನ ಗುಟ್ಟು ಎಷ್ಟೋ ಸಲ ಇಲ್ಲೇ ಇರುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಹಾಕಿಸದೇ ಬಿಡಬೇಡಿ. ಬೇರೆ ಎಲ್ಲಿ ಬೇಕಾದರೂ ಉಳಿಸಿ, ಅದರಲ್ಲಿ ಬೇಡ.

ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಯದೂ ಟೇಪ್ ಹಿಡಿದು ಫೋಟೋ ತೆಗೆಯಿರಿ. ಮುಂದೆ ಮೊಳೆ ಹೊಡೆಯುವಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಹೊಸಬ:

ಒಂದು ದಡ್ಡ ಪ್ರಶ್ನೆ. "ಇತರೆ" ಅಂತ 4 ಇಟ್ಟಿದ್ದಾರಲ್ಲ, ಅದೇ ಎಮರ್ಜೆನ್ಸಿ ದುಡ್ಡು ಅಲ್ವಾ?

ಲೆಕ್ಕದ ಅಕ್ಕ:

ದಡ್ಡ ಪ್ರಶ್ನೆ ಏನಲ್ಲ ಕಣಪ್ಪ, ಎಲ್ಲರೂ ಎಡವುವುದು ಇಲ್ಲೇ. "ಇತರೆ" ಅಂದರೆ ಬರುತ್ತದೆ ಅಂತ ಗೊತ್ತಿರುವ ಚಿಲ್ಲರೆ ಖರ್ಚು. ಮೊಳೆ, ಬೀಗ, ಆಟೋ, ಕೆಲಸದವರ ಟೀ. ಅದು ಖರ್ಚಾಗಿಯೇ ಆಗುತ್ತದೆ. ನಾನು ಹೇಳುವುದು ಬೇರೆ ಗಂಟು. ಅದಕ್ಕೆ ನನ್ನ ಪುಸ್ತಕದಲ್ಲಿ "ಮುಟ್ಟಬಾರದ ದುಡ್ಡು" ಅಂತ ಹೆಸರು. ಹೊಸ ಮನೆಗೆ 10 ಪಾಲು ಸಾಕು ಅನ್ನುತ್ತಾರೆ. ಹಳೇ ಮನೆಗೆ 15ರಿಂದ 20 ಬೇಕು. ಗೋಡೆ ಬಿಚ್ಚಿ ನೋಡದೇ ಶುರು ಮಾಡಿದರೆ ಇನ್ನೂ ಜಾಸ್ತಿ.

ಆ ಗಂಟು ಬೇರೆ ಖಾತೆಯಲ್ಲಿರಲಿ. ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು ಅಂತಲೂ ಇಲ್ಲ. ನಮ್ಮನೆಯವರಿಗೆ ಗೊತ್ತಾದ ದಿನವೇ ಬಾಲ್ಕನಿಗೆ ಗಾಜಿನ ಕಟಕಟೆ ಹಾಕಿಸೋಣ ಅಂದರು. "ಹೇಗೂ ದುಡ್ಡು ಮಿಕ್ಕಿದೆಯಲ್ಲ!" ಗೆದ್ದಲು, ಕೊಳೆತ ಮರ, ಒಡೆದ ಚರಂಡಿ ಪೈಪ್ ಇಂಥದ್ದಕ್ಕೆ ಮಾತ್ರ ಅದನ್ನು ಮುಟ್ಟಬೇಕು. ಟೈಲ್ಸ್ ಅಂಗಡಿಯಲ್ಲಿ ಇನ್ನೂ ಚೆಂದದ್ದು ಕಂಡಿತು ಅಂದರೆ ಆ ಜಾಸ್ತಿ ದುಡ್ಡು ಬೇರೆ ಯಾವುದಾದರೂ ಆಸೆಯಿಂದ ಕಳೆಯಬೇಕು.

ಎರಡು ಬಾಡಿಗೆ:

ಸಮಯದ ಖರ್ಚನ್ನು ಯಾರೂ ಹೇಳಲಿಲ್ಲ. ನನ್ನ ಹೆಸರು ನೋಡಿದರೆ ಕಥೆ ಅರ್ಥ ಆಗುತ್ತದೆ.

ನಾಲ್ಕು ತಿಂಗಳ ಕೆಲಸ ಅಂದಿದ್ದರು. ಹತ್ತು ತಿಂಗಳು ಹಿಡಿಯಿತು. ನಾವು ಬಾಡಿಗೆ ಮನೆಯಲ್ಲಿ, ಸಾಮಾನು ಇನ್ನೊಂದು ಬಾಡಿಗೆ ಕೋಣೆಯಲ್ಲಿ. ಅತ್ತ ಸಾಲದ ಬಡ್ಡಿ ಓಡುತ್ತಲೇ ಇತ್ತು. ನಾಲ್ಕು ತಿಂಗಳಿಗೆ ಲೆಕ್ಕ ಹಾಕಿದ್ದ ಬಾಡಿಗೆ ಎರಡೂವರೆ ಪಟ್ಟಾಯಿತು.

ತಪ್ಪು ನನ್ನದೂ ಇತ್ತು. ತಾರೀಖು ನೋಡಿ ದುಡ್ಡು ಕೊಡುತ್ತಿದ್ದೆ. ಪ್ರತಿ ತಿಂಗಳು ಒಂದನೇ ತಾರೀಖು ಕಂಟ್ರಾಕ್ಟರ್ ಬರುತ್ತಿದ್ದರು, ನಾನು ಕೊಡುತ್ತಿದ್ದೆ. ಮುಕ್ಕಾಲು ದುಡ್ಡು ಹೋದಾಗ ಕೆಲಸ ಅರ್ಧವೂ ಆಗಿರಲಿಲ್ಲ. ಆಮೇಲೆ ಅವರಿಗೆ ನನ್ನ ಮನೆಗಿಂತ ಹೊಸ ಸೈಟ್ ಮುಖ್ಯವಾಯಿತು. ಫೋನ್ ಮಾಡಿದರೆ "ನಾಳೆ ಜನ ಕಳಿಸುತ್ತೇನೆ" ಅನ್ನುತ್ತಿದ್ದರು. ನಾಳೆ ಅಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾಗಿದ್ದು ನನ್ನ ಮನೆ.

ಎರಡನೇ ಸಲ ತಂಗಿಯ ಮನೆಗೆ ಹೀಗೆ ಮಾಡಿದೆವು. ಮುಂಗಡ ಕಮ್ಮಿ. ಸೂರು ಮುಗಿದು ಒಂದು ಜೋರು ಮಳೆ ತಡೆದರೆ ಒಂದು ಕಂತು. ಪೈಪಿನಲ್ಲಿ ಒತ್ತಡದ ನೀರು ತುಂಬಿಸಿ ರಾತ್ರಿಯಿಡೀ ಸೋರದಿದ್ದರೆ ಒಂದು ಕಂತು. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ 48 ಗಂಟೆ ಬಿಟ್ಟು, ಕೆಳಗೆ, ಪಕ್ಕದ ಗೋಡೆಗೆ ತೇವ ಬಾರದಿದ್ದರೆ ಇನ್ನೊಂದು. ಕೊನೆಯ 5 ಪಾಲು ಆರು ತಿಂಗಳು ನಮ್ಮ ಹತ್ತಿರವೇ. ಎಲ್ಲ ಮೊದಲೇ ಬರೆದು ಇಬ್ಬರೂ ಸಹಿ ಹಾಕಿದ್ದು. ಜಗಳವೇ ಆಗಲಿಲ್ಲ.

ಗಾರೆ ಕೈ:

ಎರಡು ಬಾಡಿಗೆ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ನಮ್ಮ ಕಡೆಯ ಮಾತೂ ಕೇಳಿ. ಮುಂಗಡ ತೀರಾ ಕಮ್ಮಿ ಮಾಡಿದರೆ ನಾವು ಸಾಮಾನು ಎಲ್ಲಿಂದ ತರೋಣ? ಸಾಲ ಮಾಡಿ ತಂದರೆ ಆ ಬಡ್ಡಿಯೂ ನಿಮ್ಮ ರೇಟಿನಲ್ಲೇ ಬರುತ್ತದೆ. ನನಗೆ ಸರಿ ಅನ್ನಿಸುವುದು ಇದು: ಸೂರು, ಒಡೆಯುವುದು, ಹಳೇ ಗಾರೆ ತೆಗೆಯುವುದು, ಇಂಥ ಅಳತೆ ಸಿಗದ ಕೆಲಸಕ್ಕೆ ದಿನಗೂಲಿ ಅಥವಾ ಕೂಲಿ ಗುತ್ತಿಗೆ. ಸಾಮಾನು ನೀವೇ ತನ್ನಿ. ಟೈಲ್ಸ್, ಬಣ್ಣದಂಥ ಅಳತೆ ಸಿಗುವ ಕೆಲಸಕ್ಕೆ ಚದರಡಿ ರೇಟು. ಇಡೀ ಹಳೇ ಮನೆಗೆ ಒಂದೇ ಮೊತ್ತ ಹೇಳು ಅಂದರೆ ಬುದ್ಧಿ ಇರುವ ಮೇಸ್ತ್ರಿ ಹೆದರಿ ಜಾಸ್ತಿ ಹೇಳುತ್ತಾನೆ, ಬುದ್ಧಿ ಇಲ್ಲದವನು ಕಮ್ಮಿ ಹೇಳಿ ಮಧ್ಯದಲ್ಲಿ ಓಡಿ ಹೋಗುತ್ತಾನೆ.

ಚದರಡಿ ಅಳತೆಯಲ್ಲಿ ಬಾಗಿಲು, ಕಿಟಕಿ ಕಳೆಯುತ್ತಾರಾ ಇಲ್ಲವಾ ಅಂತ ಮೊದಲೇ ಮಾತಾಡಿ. ಕೊನೇ ಬಿಲ್ಲಿನ ದಿನ ಟೇಪ್ ಹಿಡಿದು ಕೂಗಾಡುವುದು ಬೇಡ. ಟೈಲ್ಸ್ ನೂರಕ್ಕೆ 10 ಜಾಸ್ತಿ ತನ್ನಿ, ಓರೆಯಾಗಿ ಹಾಕಿಸುವುದಾದರೆ 15. ಎಲ್ಲ ಡಬ್ಬಿಯ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ. ಹಳೇ ಮನೆಯ ಕೋಣೆ ಎಂದೂ ಚೌಕ ಇರುವುದಿಲ್ಲ. ಒಂದು ಗೋಡೆ ಪಕ್ಕ ತುಂಡು ಮಾಡಿ ಮಾಡಿ ಸಾಕಾಗುತ್ತದೆ.

ಕಂಬತೊಲೆ:

ಒಂದು ಮರೆತಿದ್ದೆ. ಬಚ್ಚಲ ಮೇಲೆ ಹಳೇ ಸಿಮೆಂಟ್ ಶೀಟ್ ಏನಾದರೂ ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಉಸಿರಿಗೆ ಅಪಾಯ. ಕೊಯ್ಯಬೇಡಿ, ಒಡೆಯಬೇಡಿ. ಒದ್ದೆ ಮಾಡಿ, ಇಡಿಯಾಗಿ ಇಳಿಸಬೇಕು, ಅದು ಬಲ್ಲವರಿಂದಲೇ. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ದಿನಗಳಲ್ಲಿ ಬೇರೆ ಕಡೆ ಇರಿಸಿ. ಇದಕ್ಕೂ ಸ್ವಲ್ಪ ದುಡ್ಡು ಬೇಕು, ಬರೆದುಕೊಳ್ಳಿ.

ಒಡೆದುಕಟ್ಟು:

ನಾನು ಇನ್ನೂ ಕೆಡವಿ ಅಂತಲೇ ಹೇಳುತ್ತೇನೆ. ಆದರೆ ಗಾಜಿನ ಪಟ್ಟಿ ವಿಷಯ ಚೆನ್ನಾಗಿತ್ತು, ಅಣ್ಣನಿಗೆ ಕಳಿಸಿದೆ.

ತೊಟ್ಟಿಕ್ಕುವ ಸೂರು:

ಮೂರು ವಾರ ಆಯಿತು. ಹೇಳಿದ್ದೆಲ್ಲ ಮಾಡಿದೆ. ಏನೇನು ಸಿಕ್ಕಿತು ಅಂತ ಹೇಳುತ್ತೇನೆ.

ಹೆಂಚೂ ಸ್ಲ್ಯಾಬೂ ಸೇರುವ ಕಡೆ ಎಂಟು ಸಾಲು ಹೆಂಚು ತೆಗೆಸಿದೆವು. ಗೋಡೆ ಮೇಲೆ ಉದ್ದಕ್ಕೆ ಕೂರಿಸಿದ ಮರ, ಜಂತೆಗಳು ಕೂರುವ ಮರವೇ, ಆರಡಿ ಉದ್ದ ಕೊಳೆತಿದೆ. ಮೇಸ್ತ್ರಿ ಸ್ಕ್ರೂಡ್ರೈವರ್ ಚುಚ್ಚಿದರು. ಬೆಣ್ಣೆಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಹೋಯಿತು. ಎರಡು ಜಂತೆಗಳ ತುದಿಯೂ ಹೋಗಿದೆ. ಉಳಿದ ಮರ ಮಾತ್ರ ಕಬ್ಬಿಣದ ಹಾಗಿದೆ, ಮೊಳೆ ಹೊಡೆದರೆ ಮೊಳೆ ಬಗ್ಗುತ್ತದೆ.

ಬಚ್ಚಲ ಗೋಡೆಯಿಂದ ಒಂದು ತುಂಡು ಜಿಐ ಪೈಪ್ (ಸತು ಲೇಪದ ಕಬ್ಬಿಣದ ಪೈಪ್) ಕತ್ತರಿಸಿ ತೆಗೆದರು. ಹೊರಗಿನಿಂದ ಪೂರ್ತಿ ಚೆನ್ನಾಗಿದೆ. ಒಳಗೆ ತುಕ್ಕು ಕಟ್ಟಿ ಒಂದು ಪೆನ್ಸಿಲ್ ತೂರುವಷ್ಟೇ ದಾರಿ. ಅಮ್ಮ 20 ವರ್ಷದಿಂದ "ನೀರು ಸಣ್ಣಗೆ ಬರುತ್ತದೆ" ಅನ್ನುತ್ತಿದ್ದರು. ನಾವು ಟ್ಯಾಂಕ್ ಎತ್ತರ ಮಾಡಿದ್ದೆವು.

ಸ್ಲ್ಯಾಬ್ ತಟ್ಟಿ ನೋಡಿದೆವು. ಟೊಳ್ಳು ಸದ್ದು ಎರಡೇ ಕಡೆ, ಎರಡೂ ಸೋರುವ ಜಾಗದ ಹತ್ತಿರ. ಇಂಜಿನಿಯರ್ ಬಂದು ನೋಡಿ, ಸಡಿಲ ಕಾಂಕ್ರೀಟ್ ತೆಗೆದು ಕಬ್ಬಿಣ ಉಜ್ಜಿ ಲೇಪ ಹಾಕಿ ತುಂಬಿದರೆ ಸಾಕು, ಪೂರ್ತಿ ತೆಗೆಯುವುದು ಬೇಡ ಅಂದರು. ಅವರ ಫೀಸಿಗಿಂತ ಹಲವು ಪಟ್ಟು ಆ ಒಂದು ಮಾತಿನಲ್ಲಿ ಉಳಿಯಿತು.

ಹೊಸ ಲೆಕ್ಕ: ಪರೀಕ್ಷೆ, ಫೀಸು 3. ಸೂರು ಮತ್ತು ಸ್ಲ್ಯಾಬ್ 24. ಅಂಗಳದ ಕಾಂಕ್ರೀಟ್ ತೆಗೆದು ಮಣ್ಣು ಇಳಿಸುವುದು, ಸುಣ್ಣದ ಗಾರೆ ಸೇರಿ 10. ಕೊಳಾಯಿ ಪೂರ್ತಿ ಹೊಸದು, ಜೊತೆಗೆ ಒಂದೇ ಒಂದು ಬಚ್ಚಲು 14. ವೈರಿಂಗ್ 11. ನೆಲ 7, ಅದೂ ಹಿಂದಿನ ಭಾಗಕ್ಕೆ ಮಾತ್ರ. ಅಡುಗೆಮನೆ 8. ಕಸ, ಸಾರುವೆ, ಸಾಗಣೆ 4. ಬಾಡಿಗೆ 4. ಮುಟ್ಟಬಾರದ ದುಡ್ಡು 15. ನೂರಾಯಿತು.

ಫಾಲ್ಸ್ ಸೀಲಿಂಗ್ ಹೋಯಿತು. ಎರಡನೇ ಬಚ್ಚಲಿಗೆ ಪೈಪ್ ಮಾತ್ರ ಬಿಟ್ಟಿರುತ್ತೇವೆ, ಮುಂದೆ ನೋಡೋಣ. ಬಣ್ಣ ಪಟ್ಟಿಯಲ್ಲೇ ಇಲ್ಲ.

ಲೆಕ್ಕದ ಅಕ್ಕ:

ಬಣ್ಣ ಇಲ್ಲದಿರುವುದೇ ಒಳ್ಳೇದು ಬಿಡಿ. ಅಷ್ಟು ವರ್ಷ ನೀರು ಕುಡಿದ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಆತುರದಲ್ಲಿ ಬಳಿದರೆ ಮತ್ತೆ ಹಪ್ಪಳ. ಸುಣ್ಣ ಹೊಡೆಸಿ ಒಂದು ವರ್ಷ ಇರಿ.

ಬಾಡಿಗೆಗೆ 4 ಅಂದಿರಲ್ಲ, ಎಷ್ಟು ತಿಂಗಳಿಗೆ?

ತೊಟ್ಟಿಕ್ಕುವ ಸೂರು:

ಕಂಟ್ರಾಕ್ಟರ್ ಐದು ತಿಂಗಳು ಅಂದರು. ಎಂಟಕ್ಕೆ ಲೆಕ್ಕ ಹಾಕಿದ್ದೇನೆ ಅಕ್ಕ. ಎರಡು ಬಾಡಿಗೆ ಅವರ ಕಥೆ ಓದಿ ಭಯ ಆಯಿತು.

ಹೊಸಬ:

ಅಡುಗೆಮನೆ 30ರಿಂದ 8ಕ್ಕೆ ಬಂತಲ್ಲ, ಮನೆಯಲ್ಲಿ ಏನೂ ಅನ್ನಲಿಲ್ಲವಾ?

ತೊಟ್ಟಿಕ್ಕುವ ಸೂರು:

ನಾನೂ ಹೆದರಿದ್ದೆ. ಆ ಪೈಪ್ ತುಂಡನ್ನು ಅಮ್ಮನ ಮುಂದೆ ಇಟ್ಟೆ. ಎತ್ತಿಕೊಂಡು ಬೆಳಕಿಗೆ ಹಿಡಿದು ಒಂದು ಕಣ್ಣಿನಲ್ಲಿ ನೋಡಿದರು. "ನಲ್ಲಿಯಲ್ಲಿ ನೀರು ಬರಲಿ, ಕಟ್ಟೆ ನನ್ನ ಎತ್ತರಕ್ಕೆ ಇರಲಿ, ಒಲೆ ಮೇಲೆ ಒಂದು ಲೈಟ್ ಹಾಕು. ಕಪಾಟಿಗೆ ಬಾಗಿಲು ಇಲ್ಲದಿದ್ದರೆ ಡಬ್ಬ ಬೇಗ ಸಿಗುತ್ತದೆ" ಅಂದರು. ಮಾಡ್ಯುಲರ್ ಕಿಚನ್ ಆಸೆ ನನ್ನದೇ ಆಗಿತ್ತು ಅಂತ ಆಗ ಗೊತ್ತಾಯಿತು.

ಜಾಸ್ತಿ ಹೇಳಿದ್ದರಲ್ಲ, ಸೂರು ಹತ್ತಿದವರು, ಅವರಿಗೇ ಕೆಲಸ ಕೊಟ್ಟೆ. ಅಳತೆ ಸಿಗುವ ಕೆಲಸಕ್ಕೆ ಚದರಡಿ ರೇಟು, ಉಳಿದದ್ದಕ್ಕೆ ಕೂಲಿ. ಹಳೇ ಮರ ನಮ್ಮದು ಅಂತ ಬರೆಸಿಕೊಂಡಿದ್ದೇನೆ. ಸೋಮವಾರ ಹೆಂಚು ಇಳಿಸುತ್ತಾರೆ. ಮಳೆ ಬಂದರೆ ಇರಲಿ ಅಂತ ಎರಡು ದೊಡ್ಡ ಟಾರ್ಪಾಲು ತಂದಿಟ್ಟಿದ್ದೇನೆ.

ಗಾರೆ ಕೈ:

ಮೂರು ತನ್ನಿ ಸರ್.